ಡಬ್ಬ ಬಂದ ದಾರಿ: ದುಬೈ, ಅಬುಧಾಬಿಯ ಕಲೆಯಲ್ಲಿ ಬಳಸಿ ಬಿಟ್ಟ ವಸ್ತು



2017ರ ವೆನಿಸ್ ಬಿಯೆನಾಲೆ ಕಲಾಮೇಳದಲ್ಲಿ ದುಬೈಯ ಒಬ್ಬ ಕಲಾವಿದನ ಕೆಲಸದ ಮನೆಯೇ ಪ್ರದರ್ಶನಕ್ಕೆ ಬಂದಿತ್ತು. ಅಂಗಡಿಯ ಕಪಾಟಿನಲ್ಲಿ ಸಾಮಾನು ಪೇರಿಸಿದ ಹಾಗೆ ಸಾಲುಸಾಲಾಗಿ ವಸ್ತುಗಳು. ಹಗ್ಗದ ಗಂಟುಗಳು, ತಂತಿ ಸುತ್ತಿದ ರಟ್ಟಿನ ತುಂಡುಗಳು, ಬಟ್ಟೆಯ ಉಂಡೆಗಳು, ಪ್ಲಾಸ್ಟಿಕ್ಕು, ಅಲ್ಯುಮಿನಿಯಂ. ಕೃತಿಯ ಹೆಸರಿನಲ್ಲೇ 'ಸೂಪರ್‌ಮಾರ್ಕೆಟ್' ಎಂಬ ಮಾತು ಇತ್ತು. ಅದನ್ನು ಮಾಡಿದ ಹಸನ್ ಷರೀಫ್ ಆ ಹೊತ್ತಿಗೆ ತೀರಿಕೊಂಡು ಎಂಟು ತಿಂಗಳಾಗಿತ್ತು. 1951ರಲ್ಲಿ ಹುಟ್ಟಿ 2016ರ ಸೆಪ್ಟೆಂಬರಿನಲ್ಲಿ ನಿಧನರಾದ ಈ ಕಲಾವಿದನನ್ನು ಬಿಟ್ಟು ಯುಎಇಯ ಆಧುನಿಕ ಕಲೆಯ ಕತೆ ಹೇಳಲು ಬರುವುದಿಲ್ಲ.

ಷರೀಫ್ ಮೊದಲು ವ್ಯಂಗ್ಯಚಿತ್ರಕಾರ. 1970ರ ದಶಕದಲ್ಲಿ ದುಬೈಯ ಪತ್ರಿಕೆಗೆ ಕಾರ್ಟೂನು ಬರೆಯುತ್ತಿದ್ದರು. ಆಮೇಲೆ ಲಂಡನ್ನಿನ ಬಯಾಮ್ ಷಾ ಕಲಾಶಾಲೆಯಲ್ಲಿ ಓದಿ 1984ರಲ್ಲಿ ಮರಳಿದರು. ಅವರು ಬೆಳೆದ ಊರು ಆ ಹೊತ್ತಿಗೆ ಗುರುತು ಸಿಗದಷ್ಟು ಬದಲಾಗಿತ್ತು. 1971ರಲ್ಲಿ ಯುಎಇ ಒಕ್ಕೂಟ ಹುಟ್ಟಿತು, 1972ರಲ್ಲಿ ರಾಶಿದ್ ಬಂದರು, 1979ರಲ್ಲಿ ಜೆಬೆಲ್ ಅಲಿ ಬಂದರು. ಹಡಗಿನ ಮೇಲೆ ಹಡಗು ಬಂದು ಲೋಕದ ಅಗ್ಗದ ಸಾಮಾನನ್ನೆಲ್ಲ ದಡಕ್ಕೆ ಸುರಿಯತೊಡಗಿದವು. ಸೂಕು ಎಂಬ ಪೇಟೆಬೀದಿಗಳಲ್ಲಿ ಚಪ್ಪಲಿಯ ರಾಶಿ, ಚಮಚದ ರಾಶಿ, ಟವೆಲಿನ ರಾಶಿ. ಷರೀಫ್ ಆ ರಾಶಿಯನ್ನೇ ಕೊಂಡು ತಂದು ಕೂತರು.

ಅವರು ಮಾಡುತ್ತಿದ್ದ ಕೆಲಸ ನೋಡಲು ಬಹಳ ಸರಳ. ರಟ್ಟನ್ನು ಅಂಗೈಯಗಲ ಕತ್ತರಿಸುವುದು, ಮಡಚುವುದು, ಹಗ್ಗದಿಂದಲೋ ತಂತಿಯಿಂದಲೋ ಬಿಗಿಯುವುದು, ಪಕ್ಕಕ್ಕೆ ಇಡುವುದು. ಮತ್ತೆ ಇನ್ನೊಂದು, ಮತ್ತೆ ಮತ್ತೊಂದು. ಇದು ದಿನಗಟ್ಟಲೆ ನಡೆಯುತ್ತಿತ್ತು. ಕೊನೆಗೆ ನೆಲದ ಮೇಲೆ ಒಂದು ಗುಡ್ಡೆ ಬೀಳುತ್ತಿತ್ತು, ಅದೇ ಕೃತಿ. 2009ರ 'ಚಪ್ಪಲಿ ಮತ್ತು ತಂತಿ' ಎಂಬ ಕೃತಿಯಲ್ಲಿ ಅಗ್ಗದ ಚಪ್ಪಲಿಗಳನ್ನು ತಂತಿಯಲ್ಲಿ ಬಿಗಿದು ರಾಶಿ ಹಾಕಿದ್ದಾರೆ, ಅಷ್ಟೇ. ಹತ್ತಿರ ಹೋಗಿ ನೋಡಿದರೆ ತಂತಿಯ ಪ್ರತಿ ತಿರುವಿನಲ್ಲೂ ಬೆರಳು ಒತ್ತಿದ್ದು ಕಾಣುತ್ತದೆ. ಒಂದು ಗಂಟು ಬಿಗಿ, ಪಕ್ಕದ್ದು ಸಡಿಲ. ಯಂತ್ರದಲ್ಲಿ ಒಂದೇ ಅಚ್ಚಿನಲ್ಲಿ ಬಂದ ಸಾವಿರ ಚಪ್ಪಲಿಗಳು ಕೈಗೆ ಸಿಕ್ಕು ಒಂದೊಂದೂ ಬೇರೆಯಾಗಿವೆ. ಅವರ ಸಾಮಗ್ರಿಯಲ್ಲಿ ತೆಂಗಿನ ನಾರು ಕೂಡ ಇತ್ತು. ತೆಂಗಿನ ನಾಡಿನಿಂದ ಇಲ್ಲಿಗೆ ಬಂದ ನಮ್ಮ ಕನ್ನಡಿಗರಿಗೆ ಆ ಹಗ್ಗದ ವಾಸನೆಯನ್ನು ಯಾರೂ ಪರಿಚಯಿಸಬೇಕಾಗಿಲ್ಲ.

ಇಂಥ ಕಲೆಯ ಮಾತು ಬಂದಾಗ 'ಕಸದಿಂದ ರಸ' ಎಂಬ ಮಾತು ಬೇಗ ಬಾಯಿಗೆ ಬರುತ್ತದೆ. ಶಾಲೆಯ ವಸ್ತುಪ್ರದರ್ಶನಕ್ಕೆ ಅಷ್ಟು ಸಾಕು. ಷರೀಫರಂಥವರ ಕೆಲಸಕ್ಕೆ ಸಾಲದು. ಅವರು ಬಳಸಿದ್ದರಲ್ಲಿ ಬಹುಪಾಲು ಕಸವೇ ಆಗಿರಲಿಲ್ಲ, ಅಂಗಡಿಯಿಂದ ಆಗತಾನೇ ತಂದ ಹೊಸ ಮಾಲು. ಹೀಗಿರುವಾಗ ಒಂದು ವಸ್ತು ಹಳೆಯದೋ ಹೊಸದೋ ಎಂಬುದಕ್ಕಿಂತ, ಅದು ಯಾವ ದಾರಿಯಲ್ಲಿ ಬಂತು, ಯಾರ ಕೈಗಳನ್ನು ದಾಟಿತು ಎಂದು ಕೇಳುವುದರಲ್ಲಿ ಹೆಚ್ಚು ಫಲವಿದೆ. ಈ ಉಪನ್ಯಾಸ ಆ ಪ್ರಶ್ನೆಯನ್ನು ಹಿಡಿದೇ ಹೊರಟಿದೆ. ದಾರಿ ಅಮೆರಿಕದ ಮೂಲಕ ಹಾದು ಹೋಗುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಸೀಮೆಎಣ್ಣೆ ಏಷ್ಯಾದ ಬಂದರುಗಳಿಗೆ ಬಂದದ್ದು ಚೌಕಾಕಾರದ ತಗಡಿನ ಡಬ್ಬಗಳಲ್ಲಿ. ಒಂದು ಡಬ್ಬಕ್ಕೆ ಐದು ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 19 ಲೀಟರು. ಎರಡು ಡಬ್ಬಕ್ಕೆ ಒಂದು ಮರದ ಪೆಟ್ಟಿಗೆ. ರಾಕ್‌ಫೆಲ್ಲರ್‌ನ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಈ ವ್ಯಾಪಾರದ ದೊಡ್ಡ ಧಣಿ. ಎಣ್ಣೆ ದೀಪದಲ್ಲಿ ಉರಿದುಹೋಯಿತು, ಡಬ್ಬ ಉಳಿಯಿತು. ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಮರದ ಹಿಡಿ ಬಡಿದು ನೀರು ಹೊತ್ತರು, ಅಕ್ಕಿ ತುಂಬಿದರು, ಬೆಲ್ಲ ಇಟ್ಟರು, ಬಿಚ್ಚಿ ಚಪ್ಪಟೆ ಮಾಡಿ ಬಚ್ಚಲ ಮಾಡಿಗೆ ಹೊದಿಸಿದರು. ಕೊಲ್ಲಿಯಲ್ಲೂ ನಡೆದದ್ದು ಇದೇ. ಕೊಳಾಯಿ ನೀರು ಬರುವ ಮುಂಚೆ ದುಬೈಯಲ್ಲಿ ಕತ್ತೆಗಳ ಬೆನ್ನ ಮೇಲೆ ತಗಡಿನ ಡಬ್ಬ ಹೇರಿಕೊಂಡು ಮನೆಮನೆಗೆ ನೀರು ಮಾರುತ್ತಿದ್ದರು. ಹಳೆಯ ಅಮೆರಿಕದ ವಸ್ತು ಎಂದರೆ ಕೋಕಾಕೋಲಾ ಫಲಕ, ಕಾರಿನ ನಂಬರ್ ಪ್ಲೇಟು, ಜ್ಯೂಕ್‌ಬಾಕ್ಸು ಎಂದುಕೊಳ್ಳುವವರು ಈ ಡಬ್ಬವನ್ನು ಮರೆಯುತ್ತಾರೆ. ಅರಬ್ಬಿ ಸಮುದ್ರದ ಎರಡೂ ದಡದ ಬಡವರ ಮನೆಯೊಳಕ್ಕೆ ಮೊದಲು ಕಾಲಿಟ್ಟ ಅಮೆರಿಕ ಇದೇ.

ಡಬ್ಬದ ಅಣ್ಣ ಡ್ರಮ್ಮು. ಇವತ್ತು ಲೋಕದ ಎಲ್ಲ ಕಡೆ ಕಾಣುವ, ನಡುವೆ ಉಬ್ಬು ಪಟ್ಟಿಗಳಿರುವ ಉಕ್ಕಿನ ಪೀಪಾಯಿಯ ಮೂಲ ಪೇಟೆಂಟು 1905ರ ಡಿಸೆಂಬರಿನದು. ಪಡೆದವನು ಹೆನ್ರಿ ವೆರಾನ್ ಎಂಬಾತ. ಅವನು ಕೆಲಸಕ್ಕಿದ್ದ ಬ್ರೂಕ್ಲಿನ್ನಿನ ಐರನ್ ಕ್ಲ್ಯಾಡ್ ಕಂಪನಿಯ ಒಡತಿ ನೆಲ್ಲಿ ಬ್ಲೈ. ಹೌದು, 1889–90ರಲ್ಲಿ 72 ದಿನಗಳಲ್ಲಿ ಭೂಮಿಯನ್ನು ಸುತ್ತಿ ಬಂದ ಪತ್ರಕರ್ತೆ ನೆಲ್ಲಿ ಬ್ಲೈಯೇ. ಆ ಪ್ರಯಾಣದಲ್ಲಿ ಆಕೆಯ ಹಡಗು ಏಡನ್ನಿನಿಂದ ಕೊಲಂಬೊಗೆ ಇದೇ ಅರಬ್ಬಿ ಸಮುದ್ರವನ್ನು ದಾಟಿತ್ತು. 55 ಗ್ಯಾಲನ್, ಅಂದರೆ ಸುಮಾರು 208 ಲೀಟರು ಹಿಡಿಯುವ ಪೀಪಾಯಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಎಲ್ಲ ಖಂಡಗಳಿಗೂ ಹರಡಿತು. ಒಬ್ಬ ಆಳು ಒದ್ದು ಉರುಳಿಸಿಕೊಂಡು ಹೋಗಬಹುದು ಎಂಬುದೇ ಅದರ ಜಾಣತನ.

ದುಬೈಯ ಕಡಲ ತೀರದಲ್ಲೂ ಒಂದು ಅಮೆರಿಕದ ಹೆಸರು ಅಂಟಿಕೊಂಡಿತ್ತು. 1966ರಲ್ಲಿ ಫತೇ ಎಂಬಲ್ಲಿ ಸಮುದ್ರದಡಿ ಎಣ್ಣೆ ಸಿಕ್ಕಿತು. ಅದನ್ನು ಕೂಡಿಡಲು ಚಿಕಾಗೊ ಬ್ರಿಜ್ ಅಂಡ್ ಐರನ್ ಕಂಪನಿ ಜುಮೇರಾದ ಮರಳಿನ ಮೇಲೆ ಬೃಹತ್ ಉಕ್ಕಿನ ತೊಟ್ಟಿಗಳನ್ನು ಕಟ್ಟಿ, ತೇಲಿಸಿ ಒಯ್ದು, ಸಮುದ್ರದ ತಳದಲ್ಲಿ ಕೂರಿಸಿತು. ಒಂದೊಂದೂ ಐದು ಲಕ್ಷ ಬ್ಯಾರಲ್ ಹಿಡಿಯುವಂಥದ್ದು. ಕಂಪನಿ ಬಿಡಾರ ಹೂಡಿದ್ದ ಜಾಗಕ್ಕೆ ಚಿಕಾಗೊ ಬೀಚ್ ಎಂದೇ ಹೆಸರಾಯಿತು. ಇವತ್ತು ಬುರ್ಜ್ ಅಲ್ ಅರಬ್ ನಿಂತಿರುವುದು ಆ ತೀರದಲ್ಲೇ.

ಅಮೆರಿಕದ ವಸ್ತು ಕೊಲ್ಲಿಯವರ ಮನಸ್ಸಿನಲ್ಲಿ ಹೇಗೆ ನೆಲೆಯಾಯಿತು ಎಂದು ನೋಡಬೇಕಾದರೆ ಅಬುಧಾಬಿಯಿಂದ ಲಿವಾ ಕಡೆಗೆ ಹೋಗುವ ದಾರಿಯ ಪಿರಮಿಡ್ ಆಕಾರದ ವಾಹನ ಸಂಗ್ರಹಾಲಯಕ್ಕೆ ಹೋಗಬೇಕು. ಶೇಖ್ ಹಮದ್ ಬಿನ್ ಹಮ್ದಾನ್ ಅಲ್ ನಹ್ಯಾನ್ ಕಟ್ಟಿಸಿದ ಎಮಿರೇಟ್ಸ್ ನ್ಯಾಷನಲ್ ಆಟೊ ಮ್ಯೂಸಿಯಂ ಅದು. ಅಲ್ಲಿ ಒಂದು ಡಾಡ್ಜ್ ಪವರ್ ವ್ಯಾಗನ್ ಇದೆ. ಯುದ್ಧಕಾಲದ ಸೇನಾ ಟ್ರಕ್ಕಿನಿಂದ ರೂಪುಗೊಂಡು 1946ರಲ್ಲಿ ಮಾರುಕಟ್ಟೆಗೆ ಬಂದ ಆ ಗಾಡಿ, ಮರಳುಗಾಡಿನಲ್ಲಿ ಎಣ್ಣೆ ಹುಡುಕಿದವರ ನೆಚ್ಚಿನ ವಾಹನ. ಶೇಖರು ಅದನ್ನು ಮನೆಯಷ್ಟು ದೊಡ್ಡದಾಗಿ ಮಾಡಿಸಿದ್ದಾರೆ. ಒಳಗೆ ಮಲಗುವ ಕೋಣೆ, ಅಡುಗೆಮನೆ ಇವೆ, ಗಾಡಿ ಓಡುತ್ತದೆ ಕೂಡ. ಕಲಾ ವಿಮರ್ಶಕರು ಇದನ್ನು ಕಲೆ ಎನ್ನಲು ಹಿಂದೆಮುಂದೆ ನೋಡಬಹುದು. ಪ್ರೀತಿ ಇಟ್ಟ ವಸ್ತುವನ್ನು ಅದರ ಕೆಲಸದಿಂದ ಬಿಡಿಸಿ ಸ್ಮಾರಕ ಮಾಡುವ ಆಸೆ ಅದರಲ್ಲಿ ಇದೆ. ಆ ಆಸೆ ಇಲ್ಲದೆ ಈ ಬಗೆಯ ಕಲೆ ಎಲ್ಲೂ ಹುಟ್ಟಿಲ್ಲ.

ಅಮೆರಿಕದಲ್ಲಿ ಇದು ಹುಟ್ಟಿದ್ದು ಹೇಗೆ? ಲಾಸ್ ಏಂಜಲೀಸಿನ ವಾಟ್ಸ್ ಎಂಬ ಬಡವರ ಬಡಾವಣೆಯಲ್ಲಿ ಇಟಲಿಯಿಂದ ವಲಸೆ ಬಂದ ಕೂಲಿಯಾಳು ಸೈಮನ್ ರೋಡಿಯಾ 1921ರಿಂದ 1954ರವರೆಗೆ ಒಬ್ಬನೇ ಗೋಪುರಗಳನ್ನು ಕಟ್ಟಿದ. ಕಬ್ಬಿಣದ ಸರಳಿಗೆ ಗಾರೆ ಮೆತ್ತಿ, ಅದರಲ್ಲಿ ಒಡೆದ ಬಟ್ಟಲು, ಹೆಂಚಿನ ಚೂರು, ಸೆವೆನ್ ಅಪ್ ಬಾಟಲಿಯ ಹಸಿರು ಗಾಜು, ಚಿಪ್ಪು ಒತ್ತಿದ. ಎತ್ತರದ್ದು ಸುಮಾರು 30 ಮೀಟರು. 1965ರ ಆಗಸ್ಟಿನಲ್ಲಿ ಅದೇ ವಾಟ್ಸ್ ಹೊತ್ತಿ ಉರಿಯಿತು. ಕರಿಯರ ದಂಗೆ ಆರಿದ ಮೇಲೆ ಕಲಾವಿದ ನೋವಾ ಪ್ಯೂರಿಫಾಯ್ ಮತ್ತು ಗೆಳೆಯರು ಸುಟ್ಟ ಬೀದಿಗಳಿಂದ ಮೂರು ಟನ್ ಅವಶೇಷ ಹೆಕ್ಕಿದರು. ಅದರಲ್ಲಿ ಅಂಗಡಿ ಫಲಕಗಳ ನಿಯಾನ್ ದೀಪಗಳು ಕರಗಿ ಗಟ್ಟಿಯಾದ ತುಂಡುಗಳೂ ಇದ್ದವು. 1966ರ '66 ಸೈನ್ಸ್ ಆಫ್ ನಿಯಾನ್' ಪ್ರದರ್ಶನ ಅದರಿಂದ ಹುಟ್ಟಿತು. ಕೆಲವರಿಗೆ ಅಮೆರಿಕದ ಹಳೆಯ ಫಲಕ ಎಂದರೆ ಸವಿನೆನಪು, ಪ್ಯೂರಿಫಾಯ್ ಕೈಯಲ್ಲಿ ಅದು ಸಾಕ್ಷ್ಯ. ಎರಡರ ಅಂತರವನ್ನು ಮರೆಯಬಾರದು.

ಅಷ್ಟರಲ್ಲಿ ನ್ಯೂಯಾರ್ಕಿನಲ್ಲಿ ಕಲಾವಿದ ರಾಬರ್ಟ್ ರೌಷೆನ್‌ಬರ್ಗ್ ಚಿತ್ರಪಟದ ಮೇಲೆ ಹಾಸಿಗೆ, ಟೈರು, ಬೀದಿಯ ಫಲಕ ಎಲ್ಲವನ್ನೂ ಹತ್ತಿಸತೊಡಗಿದ್ದ. ಹೊಟ್ಟೆಗೆ ಟೈರು ಸಿಕ್ಕಿಸಿದ ಅಂಗೋರಾ ಮೇಕೆಯ ಅವನ ಕೃತಿ ಈಗ ಸ್ಟಾಕ್‌ಹೋಮಿನಲ್ಲಿದೆ. ಇನ್ನೊಬ್ಬ ಕಲಾವಿದ ಎಡ್ ರುಷೆ ಪೆಟ್ರೋಲು ಬಂಕುಗಳ ಫೋಟೊ ತೆಗೆದು 1963ರಲ್ಲಿ ಪುಸ್ತಕ ಮಾಡಿದ. ಆಮೇಲೆ ಅವನು ಮತ್ತೆ ಮತ್ತೆ ಬರೆದ ಬಂಕು 'ಸ್ಟ್ಯಾಂಡರ್ಡ್'. ನಮ್ಮ ಸೀಮೆಎಣ್ಣೆ ಡಬ್ಬದ ಕಂಪನಿಯ ವಾರಸುದಾರ ಬಂಕು. ಈ ಇಬ್ಬರ ಕೃತಿಗಳೂ ವಾರ್ಹೋಲ್, ಟ್ವಾಂಬ್ಲಿ, ಸೆರಾ, ವೂಲ್ ಎಂಬ ಅಮೆರಿಕದ ಕಲಾವಿದರ ಕೃತಿಗಳ ಜೊತೆ 2010ರಲ್ಲಿ ಅಬುಧಾಬಿಗೆ ಬಂದವು. ಸಾದಿಯಾತ್ ದ್ವೀಪದ ಮನಾರತ್ ಅಲ್ ಸಾದಿಯಾತಿನಲ್ಲಿ, ಲ್ಯಾರಿ ಗಗೋಸಿಯನ್ ಎಂಬ ಕಲಾ ವ್ಯಾಪಾರಿಯ ಖಾಸಗಿ ಸಂಗ್ರಹದ ಪ್ರದರ್ಶನವಾಗಿ. ಎಣ್ಣೆಯಿಂದ ಬೆಳೆದ ನಗರದಲ್ಲಿ ಪೆಟ್ರೋಲು ಬಂಕಿನ ಚಿತ್ರಕಾರ!

ರೌಷೆನ್‌ಬರ್ಗ್ ಭಾರತಕ್ಕೂ ಬಂದಿದ್ದ. 1975ರಲ್ಲಿ ಅಹಮದಾಬಾದಿನ ಸಾರಾಭಾಯಿ ಕುಟುಂಬದ ಅತಿಥಿಯಾಗಿ, ಗಾಂಧಿ ಆಶ್ರಮದ ಕಾಗದದ ಕಾರ್ಖಾನೆಯಲ್ಲಿ ಚಿಂದಿಯ ಕಾಗದ, ಬಿದಿರು, ಮಣ್ಣು ಬೆರೆಸಿ ಕೃತಿಗಳನ್ನು ಮಾಡಿದ. ಅಮೆರಿಕದ ಗುಜರಿಯಿಂದ ಹೆಸರಾದವನು ಇಲ್ಲಿಯ ಬಟ್ಟೆಯ ಬಣ್ಣಕ್ಕೆ ಮರುಳಾಗಿ ಹಿಂತಿರುಗಿ ಬರೀ ಬಟ್ಟೆಯ ಕೃತಿಗಳ ಒಂದು ಸರಣಿಯನ್ನೇ ತಂದ.

ಇನ್ನು ಕಲೆಯ ಪೀಪಾಯಿಗೆ ಬರೋಣ. ಬಲ್ಗೇರಿಯಾದಿಂದ ಪ್ಯಾರಿಸ್ಸಿಗೆ ಓಡಿಬಂದ ಕಲಾವಿದ ಕ್ರಿಸ್ಟೊ 1958ರ ಹೊತ್ತಿಗೆ ಬಳಸಿ ಬಿಟ್ಟ ಪೀಪಾಯಿಗಳನ್ನು ಕೆಲಸಕ್ಕೆ ತೆಗೆದುಕೊಂಡ. ಅವು ಅಗ್ಗ, ಗಟ್ಟಿ, ಎಲ್ಲೆಂದರಲ್ಲಿ ಸಿಗುತ್ತಿದ್ದವು. 1962ರ ಜೂನ್ 27ರ ರಾತ್ರಿ ಅವನು ಮತ್ತು ಹೆಂಡತಿ ಜೀನ್-ಕ್ಲೋದ್ ಪ್ಯಾರಿಸ್ಸಿನ ರೂ ವಿಸ್ಕೊಂತಿ ಎಂಬ ಇಕ್ಕಟ್ಟು ಬೀದಿಗೆ 89 ಪೀಪಾಯಿಗಳ ಗೋಡೆ ಕಟ್ಟಿ ಕೆಲವು ಗಂಟೆ ದಾರಿ ಮುಚ್ಚಿದರು. ಬರ್ಲಿನ್ ಗೋಡೆ ಎದ್ದು ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ.

1977ರಲ್ಲಿ ಈ ದಂಪತಿ ಅಬುಧಾಬಿಗಾಗಿ 'ಮಸ್ತಬಾ' ಎಂಬ ಯೋಜನೆ ಹಾಕಿದರು. ಲಿವಾದ ಮರಳುಗಾಡಿನಲ್ಲಿ 4,10,000 ಪೀಪಾಯಿಗಳನ್ನು ಪೇರಿಸಿ ಕಟ್ಟುವ ಒಂದು ದಿಬ್ಬ. ಎತ್ತರ 150 ಮೀಟರು, ಅಗಲ 300, ಉದ್ದ 225. ಪೀಪಾಯಿಗಳ ಬಣ್ಣದ ಬಿಲ್ಲೆಗಳೆಲ್ಲ ಸೇರಿ ಇಸ್ಲಾಮಿ ಮೊಸಾಯಿಕ್ಕಿನಂತೆ ಹೊಳೆಯಬೇಕು. ದಂಪತಿ 1979ರಿಂದ ಅಬುಧಾಬಿಗೆ ಬಂದು ಹೋಗುತ್ತಲೇ ಇದ್ದರು. ಜೀನ್-ಕ್ಲೋದ್ 2009ರಲ್ಲಿ, ಕ್ರಿಸ್ಟೊ 2020ರ ಮೇ 31ರಂದು ತೀರಿಕೊಂಡರು. ಲಂಡನ್ನಿನ ಸರ್ಪೆಂಟೈನ್ ಕೆರೆಯಲ್ಲಿ 2018ರ ಬೇಸಿಗೆಯಲ್ಲಿ 7,506 ಪೀಪಾಯಿಗಳ ಒಂದು ಪುಟ್ಟ ಮಸ್ತಬಾ ತೇಲಿತು. ಲಿವಾದ್ದು ಕಾಗದದ ಮೇಲೇ ಉಳಿದಿದೆ. ಅದು ಕಟ್ಟಿದ ದಿನ ಲೋಕದ ಅತಿ ದೊಡ್ಡ ಶಿಲ್ಪವಾಗುತ್ತದೆ. ಆದರೆ ಪ್ಯಾರಿಸ್ಸಿನ ಆ 89 ಜಜ್ಜಿದ, ತುಕ್ಕು ಹಿಡಿದ ಪೀಪಾಯಿಗಳ ಮೈಮೇಲೆ ಇದ್ದ ಬದುಕಿನ ಗುರುತು ಬಣ್ಣ ಬಳಿದು ನಿಲ್ಲಿಸಿದ ನಾಲ್ಕು ಲಕ್ಷ ಪೀಪಾಯಿಗಳಲ್ಲಿ ಇದ್ದೀತೇ ಎಂಬ ಅನುಮಾನ ಈ ಉಪನ್ಯಾಸಕಾರನಿಗೆ ಇದೆ.

ಆ ಗುರುತನ್ನು ಪೂರಾ ಉಳಿಸಿಕೊಂಡವರು ಕನ್ನಡ ನಾಡಿನ ಕಲಾವಿದೆ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಶೀಲಾ ಗೌಡ ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್ ಎಲ್ಲ ಕಡೆ ಕಲಿತವರು. ಕೈಗೆತ್ತಿಕೊಂಡ ವಸ್ತುಗಳು ಮಾತ್ರ ನಮ್ಮ ಬೀದಿಯವು: ಸಗಣಿ, ಕುಂಕುಮ, ದಾರ, ಕೂದಲು, ಡಾಂಬರು ಡ್ರಮ್ಮು. ರಸ್ತೆ ಕೆಲಸ ನಡೆಯುವ ಕಡೆ ಕಣ್ಣು ಬಿಟ್ಟು ನೋಡಿದವರಿಗೆ ಗೊತ್ತು. ಡಾಂಬರು ಖಾಲಿಯಾದ ಡ್ರಮ್ಮಿನ ಮುಚ್ಚಳ, ತಳ ಎರಡನ್ನೂ ಉಳಿಯಿಂದ ಕಡಿದು ತೆಗೆಯುತ್ತಾರೆ. ಬೆಸುಗೆಯ ಗೆರೆಯುದ್ದಕ್ಕೂ ಸೀಳಿ, ನೆಲಕ್ಕೆ ಕೆಡವಿ, ಸುತ್ತಿಗೆಯಿಂದ ಬಡಿದು ಹಾಸುತ್ತಾರೆ. ಒಂದು ಡ್ರಮ್ಮು ಒಂದು ತಗಡಾಗುತ್ತದೆ. ನಾಲ್ಕೈದು ತಗಡು ಸೇರಿದರೆ ಕೂಲಿಯವರ ಗುಡಿಸಲಿಗೆ ಗೋಡೆ. ಅಂಚಿನಲ್ಲಿ ಅಂಟಿ ಉಳಿದ ಡಾಂಬರು ಬಿಸಿಲೇರಿದಾಗ ಕರಗಿ ಇಳಿಯುತ್ತದೆ. ಊರೂರಿಗೆ ರಸ್ತೆ ಹಾಕುತ್ತಾ ಹೋಗುವ ಕುಟುಂಬ ಆ ಮನೆಯನ್ನು ಬಿಚ್ಚಿಕೊಂಡು ಮುಂದಿನೂರಿಗೆ ಒಯ್ಯುತ್ತದೆ.

ಶೀಲಾ ಗೌಡರ 2006ರ 'ಡಾರ್ಕ್‌ರೂಮ್' ಇಂಥ ಡ್ರಮ್ಮು, ಇಂಥ ತಗಡುಗಳಿಂದಲೇ ಕಟ್ಟಿದ ಕೋಣೆ. ಮುಂದೆ ನಿಂತಾಗ ಡ್ರಮ್ಮುಗಳ ಕಂಬಗಳು ಅರಮನೆಯ ಮೊಗಸಾಲೆಯನ್ನು ನೆನಪಿಸುತ್ತವೆ. ಬಾಗಿಲು ಮಾತ್ರ ಕುಳ್ಳು, ಬಗ್ಗಿಯೇ ಒಳಗೆ ಹೋಗಬೇಕು. ಒಳಗೆ ಕತ್ತಲು. ತಲೆಯ ಮೇಲಿನ ತಗಡಿನಲ್ಲಿ ಸೂಜಿಮೊನೆಯಷ್ಟು ತೂತುಗಳು, ಅವುಗಳಿಂದ ಇಳಿಯುವ ಬೆಳಕು ಚುಕ್ಕಿಗಳ ಆಕಾಶ. ಅರಮನೆಯೂ ಗುಡಿಸಲೂ ಒಂದೇ ತಗಡಿನಲ್ಲಿ. ಕೂಲಿಯವರು ಬಡಿದ ಸುತ್ತಿಗೆಯ ಏಟನ್ನು ಅವರು ಅಳಿಸಿಲ್ಲ, ಬಣ್ಣ ಬಳಿದಿಲ್ಲ. 2009ರಲ್ಲಿ ಅವರು ವೆನಿಸ್ಸಿನಲ್ಲಿ ತೋರಿಸಿದ 'ಬಿಹೋಲ್ಡ್' ಕೂಡ ಹಾಗೇ. ಸುಮಾರು ನಾಲ್ಕು ಕಿಲೋಮೀಟರ್ ಉದ್ದದ ಕೂದಲ ಹಗ್ಗದಿಂದ ಕಾರಿನ ಉಕ್ಕಿನ ಬಂಪರುಗಳು ತೂಗುತ್ತವೆ. ದೃಷ್ಟಿ ತಾಗದಿರಲೆಂದು ಚಾಲಕರು ಬಂಪರಿಗೆ ಸುತ್ತುವ ಕರಿ ಹಗ್ಗ ಅದು. ಅದೇ ವರ್ಷ ಶಾರ್ಜಾ ಬಿಯೆನಾಲೆಯಲ್ಲೂ ಶೀಲಾ ಗೌಡ ಭಾಗವಹಿಸಿದ್ದರು. ಭದ್ರಾವತಿಯಂಥ ಕಬ್ಬಿಣದ ಊರಿನ ಮಗಳು ಕೊಲ್ಲಿಯ ಕಲಾಲೋಕಕ್ಕೆ ಬಂದಿದ್ದರು ಎಂಬುದು ಇಲ್ಲಿಯ ಕನ್ನಡಿಗರಿಗೆ ಹೆಮ್ಮೆಯ ಸಂಗತಿಯಾಗಬೇಕಿತ್ತು. ನಮ್ಮ ಸಂಘಗಳ ವೇದಿಕೆಯಲ್ಲಿ ಆ ಹೆಸರು ಕೇಳುವುದು ಅಪರೂಪ.

ಕಲಾವಿದೆ ಎಂಬ ಹೆಸರಿಲ್ಲದೆ ಇದೇ ಕೆಲಸ ಮಾಡಿದವರು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಂಗಸರು. ಹಳೆ ಸೀರೆ, ಅಂಗಿ, ಲಂಗದ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿನವರೆಗೆ ಹೊಲಿದುಕೊಂಡು ಹೋಗುವ ಅವರ ಕೌದಿಗೆ ಕವಂದಿ ಎನ್ನುತ್ತಾರೆ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ಪುಟ್ಟ ಹೂವು ಇಡದೆ ಅದು ಮುಗಿಯುವುದಿಲ್ಲ. ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯಲ್ಲಿ ಗುಲಾಮರ ಮೊಮ್ಮಕ್ಕಳು ಹರಿದ ಕೆಲಸದ ಬಟ್ಟೆ, ಗೋಣಿತಟ್ಟುಗಳಿಂದ ಕೌದಿ ಹೊಲಿದರು. 1970ರ ದಶಕದಲ್ಲಿ ಸಿಯರ್ಸ್ ಕಂಪನಿಗೆ ದಿಂಬಿನ ಚೀಲ ಹೊಲಿದುಕೊಟ್ಟು, ಮಿಕ್ಕ ಕಾರ್ಡುರಾಯ್ ಚೂರುಗಳನ್ನು ಮನೆಯ ಕೌದಿಗೆ ಸೇರಿಸಿದರು. 2002ರಲ್ಲಿ ಆ ಕೌದಿಗಳು ಹ್ಯೂಸ್ಟನ್ನಿನ ಸಂಗ್ರಹಾಲಯದಲ್ಲಿ, ಆಮೇಲೆ ನ್ಯೂಯಾರ್ಕಿನ ವಿಟ್ನಿಯಲ್ಲಿ ಗೋಡೆ ಏರಿದವು. ಆಫ್ರಿಕದಿಂದ ಎರಡು ದಿಕ್ಕಿಗೆ ಒಯ್ಯಲ್ಪಟ್ಟ ಎರಡು ಜನಾಂಗಗಳು, ಒಬ್ಬರನ್ನೊಬ್ಬರು ಅರಿಯದೆಯೇ, ಬಡತನದಲ್ಲಿ ಒಂದೇ ಬಗೆಯ ಸೌಂದರ್ಯವನ್ನು ಕಟ್ಟಿದ್ದಾರೆ.

ಮತ್ತೆ ಯುಎಇಗೆ. ಹಸನ್ ಷರೀಫ್ ಒಂಟಿಯಾಗಿರಲಿಲ್ಲ. ತಮ್ಮ ಹುಸೇನ್ ಷರೀಫ್, ಮೊಹಮ್ಮದ್ ಕಾಜಿಮ್, ಖೋರ್‌ಫಕ್ಕನ್ನಿನ ಮೊಹಮ್ಮದ್ ಅಹ್ಮದ್ ಇಬ್ರಾಹಿಂ ಮತ್ತು ಅಬ್ದುಲ್ಲಾ ಅಲ್ ಸಾದಿ ಸೇರಿ ಐವರ ಗುಂಪು ಎಂದೇ ಹೆಸರಾದರು. ಗ್ಯಾಲರಿಗಳು ಬೆರಳೆಣಿಕೆಯಷ್ಟೂ ಇಲ್ಲದ ಕಾಲದಲ್ಲಿ ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಿ ಬೆಳೆದರು. 2017ರಲ್ಲಿ ಅಬುಧಾಬಿಯ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕಲಾಗ್ಯಾಲರಿ ಈ ಬಳಗದ 1988ರಿಂದ 2008ರವರೆಗಿನ ಕತೆಯನ್ನು ಪ್ರದರ್ಶನ ಮಾಡಿತು. ಇಬ್ರಾಹಿಂ ರಟ್ಟು, ಕಾಗದದ ಮುದ್ದೆ, ಮಣ್ಣು, ಎಲೆ ಬಳಸಿ ಮರವೋ ಮನುಷ್ಯನೋ ಹೇಳಲಾಗದ ಆಕಾರಗಳನ್ನು ಮಾಡುತ್ತಾರೆ. 2022ರಲ್ಲಿ ವೆನಿಸ್ಸಿನಲ್ಲಿ ದೇಶದ ಮಂಟಪ ಅವರದಾಗಿತ್ತು. 2024ರಲ್ಲಿ ಅಲ್ ಸಾದಿಯವರದು.

ಅಲ್ ಸಾದಿಯ ಒಂದು ಕೃತಿಯ ಬಗ್ಗೆ ಸ್ವಲ್ಪ ನಿಧಾನಿಸಿ ಹೇಳಬೇಕು. 'ಅಮ್ಮನ ಪತ್ರಗಳು' ಎಂದು ಅದರ ಹೆಸರು, 1998ರಿಂದ 2013ರವರೆಗೆ ಬೆಳೆದದ್ದು. ತಾಯಿಗೆ ಓದು ಬರಹ ಬರುತ್ತಿರಲಿಲ್ಲ. ಮಗನ ಕೆಲಸದ ಜಾಗಕ್ಕೆ ಬಂದಾಗ ಅವನು ಸಿಗದಿದ್ದರೆ, ಬಂದು ಹೋದೆ ಎಂದು ತಿಳಿಸಲು ಕೈಗೆ ಸಿಕ್ಕ ಏನನ್ನಾದರೂ ಇಟ್ಟು ಹೋಗುತ್ತಿದ್ದರು. ಒಂದು ಕಲ್ಲೋ, ದಾರಿಯಲ್ಲಿ ಬಿದ್ದಿದ್ದ ಇನ್ಯಾವುದೋ ವಸ್ತುವೋ. ಮಗ ಒಂದನ್ನೂ ಎಸೆಯಲಿಲ್ಲ. ಹದಿನೈದು ವರ್ಷಗಳ ಆ ಸಂಗ್ರಹವೇ ಕೃತಿ. ಅದರಲ್ಲಿ ಕಲಾವಿದ ಕೈಯಾರೆ ಮಾಡಿದ್ದು ಏನೂ ಇಲ್ಲ, ಜೋಪಾನವಾಗಿ ಇಟ್ಟುಕೊಂಡದ್ದು ಒಂದೇ. ಬಿಸುಟ ವಸ್ತುವಿನ ಕಲೆಯಲ್ಲಿ ಈ ಕೃತಿಗಿಂತ ಮೇಲಿನದು ಈ ದೇಶದಲ್ಲಿ ಇನ್ನೊಂದಿಲ್ಲ ಎಂದು ಉಪನ್ಯಾಸಕಾರನ ನಂಬಿಕೆ.

ಇನ್ನು ವಲಸಿಗರ ಕಡೆಯಿಂದ ವಿಕ್ರಮ್ ದಿವೇಚಾ. ಬೈರೂತಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದು ದುಬೈಯನ್ನು ಕೆಲಸದ ಊರಾಗಿಸಿಕೊಂಡ ಇವರು 2017ರ ವೆನಿಸ್ಸಿನ ಯುಎಇ ಮಂಟಪದಲ್ಲಿದ್ದ ಕಲಾವಿದರಲ್ಲಿ ಒಬ್ಬರು. ಪಾದಚಾರಿ ದಾರಿಯ ಇಟ್ಟಿಗೆ ಕಿತ್ತು ಮತ್ತೆ ಹಾಸುವಾಗ ಹಳೆಯ ಬಣ್ಣದ ವಿನ್ಯಾಸವನ್ನು ಬೇಕೆಂದೇ ಕಲಸಿ ಹಾಸುವುದು ಅವರ ಒಂದು ಕೃತಿ, ಹಾಸುವವರು ಕೂಲಿಯವರು. 2016ರಲ್ಲಿ ದುಬೈಯ ಅಲ್ ಕೂಜ್‌ನ ಅಲ್‌ಸರ್ಕಲ್ ಅವೆನ್ಯೂನಲ್ಲಿ ಸಿಕ್ಕ ಗೋದಾಮನ್ನು ಒಂದು ವ್ಯಾಪಾರಿ ಕಂಪನಿಗೆ ಮಾಲು ಇಡಲು ಬಿಟ್ಟುಕೊಟ್ಟು, ಪೆಟ್ಟಿಗೆಗಳು ಬರುವುದು ಹೋಗುವುದನ್ನೇ ಪ್ರದರ್ಶನ ಮಾಡಿದರು. ಅಲ್‌ಸರ್ಕಲ್ ಅವೆನ್ಯೂ ಕಲಾತಾಣದ ಒಂದು ಭಾಗ ಇರುವುದೇ ಹಳೆಯ ಅಮೃತಶಿಲೆ ಕಾರ್ಖಾನೆಯ ಜಾಗದಲ್ಲಿ. ಅಬುಧಾಬಿಯ ಮೀನಾ ಝಾಯೆದ್ ಬಂದರಿನ ಗೋದಾಮುಗಳಲ್ಲಿ 2015ರಲ್ಲಿ ತೆರೆದ ವೇರ್‌ಹೌಸ್ 421 ಎಂಬ ಕಲಾಕೇಂದ್ರ ಕೂಡ ಅಂಥದ್ದೇ. ಈ ಎರಡು ನಗರಗಳಲ್ಲಿ ಕಲೆಗೆ ಸಿಕ್ಕಿರುವ ಒಳ್ಳೆಯ ಮನೆಗಳು ಮರುಬಳಕೆಯವು.

ಇದೇ ನಗರಗಳ ಮಾಲುಗಳಲ್ಲಿ ಅಮೆರಿಕದ ಹಳೆಯ ಕಾಲವೂ ಮಾರಾಟಕ್ಕಿದೆ. ರೂಟ್ 66 ಎಂದು ಬರೆದ ತಗಡಿನ ಫಲಕಗಳು, ಐವತ್ತರ ದಶಕದ ಬಣ್ಣದ ಪೆಟ್ರೋಲು ಪಂಪಿನ ಬೊಂಬೆಗಳು. ತುಕ್ಕನ್ನೂ ಕಾರ್ಖಾನೆಯಲ್ಲೇ ಮುದ್ರಿಸಿರುತ್ತಾರೆ. ಹೋಟೆಲಿನ ಗೋಡೆಗೆ ಅದು ಚೆಂದ ಕಾಣಬಹುದು. ಕಲೆಗೆ ಆ ತಗಡು ಒದಗಿ ಬರುವುದಿಲ್ಲ. ಯಾವ ದಾರಿಯಲ್ಲೂ ಅದು ನಿಂತಿರಲಿಲ್ಲ, ಯಾರ ಬಾಯಾರಿಕೆಯನ್ನೂ ಕಂಡಿಲ್ಲ. ಶಾರ್ಜಾದ ಕೈಗಾರಿಕಾ ಪ್ರದೇಶದ ಗುಜರಿ ಅಂಗಡಿಯಲ್ಲಿ ಬಿದ್ದಿರುವ ಷೆವ್ರೊಲೆ ಕ್ಯಾಪ್ರಿಸ್‌ನ ಬಾಗಿಲು ಅದಕ್ಕಿಂತ ನೂರು ಪಾಲು ಮೇಲು. ಎಂಬತ್ತರ ದಶಕದಲ್ಲಿ ಈ ರಸ್ತೆಗಳಲ್ಲಿ ಆ ಕಾರು ಎಷ್ಟು ಓಡಾಡಿತ್ತು ಎಂದು ಸಭೆಯ ಹಿರಿಯರಿಗೆ ಗೊತ್ತಿದೆ.

ಕನ್ನಡಿಗರ ಪಾಲಿಗೆ ಉಳಿದಿರುವ ಕೆಲಸ ಇಲ್ಲಿಂದ ಶುರುವಾಗುತ್ತದೆ. ಉಡುಪಿ, ಕುಂದಾಪುರ, ಭಟ್ಕಳ, ಮಂಗಳೂರು, ಕಾಸರಗೋಡಿನ ಸಾವಿರಾರು ಮನೆಗಳಲ್ಲಿ ಕೊಲ್ಲಿಯಿಂದ ಬಂದ ವಸ್ತುಗಳು ಇನ್ನೂ ಅಟ್ಟದ ಮೇಲಿವೆ. ಟ್ಯಾಂಗ್ ಪುಡಿಯ ಗಾಜಿನ ಭರಣಿಯಲ್ಲಿ ಉಪ್ಪಿನಕಾಯಿ, ನಿಡೊ ಹಾಲುಪುಡಿಯ ಡಬ್ಬದಲ್ಲಿ ಕೊತ್ತಂಬರಿ, ಯಾರ್ಡ್ಲಿ ಪೌಡರಿನ ಡಬ್ಬದಲ್ಲಿ ಸೂಜಿದಾರ. ಹಗ್ಗ ಸುತ್ತಿ, ದೊಡ್ಡ ಅಕ್ಷರದಲ್ಲಿ ಹೆಸರು, ಊರು ಬರೆದ ಕಾರ್ಟನ್ ಪೆಟ್ಟಿಗೆಗಳು. ಆ ಹಗ್ಗದ ಗಂಟುಗಳನ್ನು ಷರೀಫ್ ನೋಡಿದ್ದರೆ ಮೆಚ್ಚುತ್ತಿದ್ದರು. ಅಮೆರಿಕದ ಟ್ಯಾಂಗ್ ಭರಣಿ ದುಬೈ ಮಾರ್ಗವಾಗಿ ಬಂದು ಮಾವಿನ ಮಿಡಿಯನ್ನು ತುಂಬಿಕೊಂಡ ಚರಿತ್ರೆ ಎಲ್ಲೂ ದಾಖಲಾಗಿಲ್ಲ. ಮನೆ ಕೆಡವಿ ಹೊಸದು ಕಟ್ಟುವಾಗ ಇವೆಲ್ಲ ಗುಜರಿಯವನ ಸೈಕಲ್ಲು ಹತ್ತುತ್ತಿವೆ.

ಈ ಉಪನ್ಯಾಸಕ್ಕೆ ಇಟ್ಟ ದತ್ತಿಯ ಹಣದಲ್ಲಿ ಸ್ವಲ್ಪವನ್ನಾದರೂ ಇವುಗಳ ಸಂಗ್ರಹಕ್ಕೆ ತೆಗೆದಿಡಬೇಕೆಂದು ನಮ್ಮ ಕನ್ನಡ ಸಂಘದ ಮುಂದೆ ಕೋರಿಕೆ. ಮಂಗಳೂರಿನ ಮಹಾಲಸಾ, ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜುಗಳ ಹುಡುಗ ಹುಡುಗಿಯರ ಕೈಗೆ ಇವು ಸಿಗಲಿ, ಅವರು ಏನು ಮಾಡುತ್ತಾರೋ ಮಾಡಲಿ. ಒಂದು ಷರತ್ತು ಮಾತ್ರ ಇರಲಿ. ಪ್ರತಿ ಡಬ್ಬದ ಜೊತೆ ಒಂದು ಚೀಟಿ ಇರಬೇಕು: ತಂದವರು ಯಾರು, ಯಾವ ವರ್ಷ, ವಿಮಾನದಲ್ಲೋ ಹಡಗಿನಲ್ಲೋ, ಇಲ್ಲಿ ಏನು ಕೆಲಸ ಮಾಡುತ್ತಿದ್ದರು, ಊರಿನಲ್ಲಿ ಆ ಡಬ್ಬದಲ್ಲಿ ಏನು ತುಂಬಿಡುತ್ತಿದ್ದರು. ಚೀಟಿ ಬರೆಯುವ ಕೆಲಸಕ್ಕೆ ನಮ್ಮ ಪಾಠಶಾಲೆಯ ಮಕ್ಕಳನ್ನು ಹಚ್ಚಬಹುದು, ಅಜ್ಜಿಯರಿಗೆ ಫೋನು ಮಾಡಿ ಕೇಳಿ ಕನ್ನಡದಲ್ಲೇ ಬರೆದುಕೊಳ್ಳಲಿ.